ಜೌಗುನೆಲದ ಗುಣನಿರ್ಣಯ

ವಸ್ತುಗಳ ಗುಣವನ್ನು ಪರೀಕ್ಷಿಸಿ ಅವುಗಳನ್ನು ವರ್ಗವರ್ಗವಾಗಿ ವಿಂಗಡಿಸುವುದು ಮನುಷ್ಯಬುದ್ಧಿಗೆ ಸಹಜವಾದ ವ್ಯಾಪಾರ. ಅಕ್ಕಸಾಲಿಯು ಚಿನ್ನವನ್ನು ಒರೆಗೆ ಹಚ್ಚಿ ಅದರ ಮಟ್ಟವನ್ನು ಹೇಳುತ್ತಾನೆ. ಆ ಮಾತಿನಿಂದ ಚಿನ್ನಕ್ಕೆ ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಆದರೆ ಎಲ್ಲ ವಸ್ತುಗಳ ವಿಷಯದಲ್ಲಿಯೂ ನಿರ್ಣಯವು ಇಷ್ಟು ನಿರಪಾಯವಾದುದಲ್ಲ. ರೋಗವು ಅಸಾಧ್ಯವೆಂದು ವೈದ್ಯನು ಹೇಳಿದರೆ ಮನೆಯವರು ಔಷಧವನ್ನು ನಿಲ್ಲಿಸುತ್ತಾರೆ. ಬಾಲಕನು ಮಂದಮತಿಯೆಂದು ಉಪಾಧ್ಯಾಯನು ಎಣಿಸಿದರೆ ಅವನಿಗೆ ಪಾಠ ಹೇಳುವ ಶ್ರಮವು ಅಲ್ಲಿಗೇ ಮುಗಿಯುತ್ತದೆ. ಇಂಥ ಸ್ಥಳಗಳಲ್ಲಿ ನಿರ್ಣಯವು ವಸ್ತುವನ್ನು ಅಳೆಯುವುದರೊಡನೆ ಅದರ ಮುಂದಿನ ಗತಿಯನ್ನೂ ನಿಶ್ಚಯಿಸಿಬಿಡುತ್ತದೆ. ಜೌಗುನೆಲವು ಈ ಎರಡನೆಯ ಕೋಟಿಗೆ ಸೇರಿದ್ದು.

ಕಂದಾಯದ ಲೆಕ್ಕದಲ್ಲಿ ಸಾಗುವಳಿಗೆ ಒದಗದ ನೆಲಕ್ಕೆ ಖರಾಬು ಎಂದು ಹೆಸರು. ಕೆರೆ, ಹಳ್ಳ, ದಾರಿ, ಸ್ಮಶಾನ ಮೊದಲಾದ ಸಾರ್ವಜನಿಕ ನೆಲವು ಆ ಲೆಕ್ಕದಲ್ಲಿ ‘ಬ’ ಖರಾಬು. ಕಂದಾಯ ಹುಟ್ಟದ ನೆಲವೆಂದು ಇದರ ತಾತ್ಪರ್ಯವೇ ಹೊರತು ಕೆಟ್ಟ ನೆಲವೆಂದಲ್ಲ. ಆದರೆ ಶಬ್ದವು ತನ್ನ ಲೋಕರೂಢಿಯ ಅರ್ಥವನ್ನು ಬಿಟ್ಟು ಬರುವುದಿಲ್ಲ. ನೀರು ನಿಂತ ನೆಲ, ಆಪು ಜೊಂಡು ಬೆಳೆದ ನೆಲ, ಸೊಳ್ಳೆಯ ನೆಲ ಎಂದರೆ ನಿಷ್ಪ್ರಯೋಜಕವೆಂಬ ಭಾವನೆ ಬಲಿಯಿತು. ಅದನ್ನು ಮಣ್ಣಿನಿಂದ ತುಂಬಿ ಗಟ್ಟಿ ಮಾಡುವುದಕ್ಕೆ ಸುಧಾರಣೆಯೆಂಬ ಹೆಸರು ಬಂದಿತು. ಈಚಿನ ಕಾಲದಲ್ಲಿ ಶಾಸ್ತ್ರಜ್ಞರು ಇಂಥ ನೆಲಗಳಿಗೆ ಬೇರೆ ಬಗೆಯ ಪರೀಕ್ಷೆಯನ್ನು ನಡೆಸಿ ಬೇರೆ ವರ್ಗಗಳನ್ನು ಏರ್ಪಡಿಸಿದ್ದಾರೆ. ಹಾಗಾದರೆ ಜೌಗುನೆಲದ ಗುಣವನ್ನು ಯಾವ ಮಾನದಿಂದ ಅಳೆಯಬೇಕು? ಅಳೆದು ಹೇಳಿದ ವರ್ಗವು ಮನುಷ್ಯನನ್ನು ಯಾವುದಕ್ಕೆ ಕಟ್ಟುತ್ತದೆ? ಇವೆರಡೂ ವಿಜ್ಞಾನದ ಪ್ರಶ್ನೆಗಳಂತೆ ಕಂಡರೂ ಇವುಗಳ ಬೇರು ಧರ್ಮವಿಚಾರದಲ್ಲಿದೆ.

ಮೊದಲು ಲಕ್ಷಣವನ್ನು ನೋಡಬೇಕು. ಅಮರಕೋಶದ ಭೂಮಿವರ್ಗದಲ್ಲಿ ನೀರು ಹೆಚ್ಚಾಗಿರುವ ನೆಲಕ್ಕೆ ಅನೂಪವೆಂಬ ಹೆಸರಿದೆ. ಆಯುರ್ವೇದವು ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಭಾಗಿಸಿ, ಆನೂಪ ದೇಶದಲ್ಲಿ ಕಫಪ್ರಧಾನವಾದ ವ್ಯಾಧಿಗಳು ಹೆಚ್ಚೆಂದು ಹೇಳುತ್ತದೆ. ಅಲ್ಲಿ ನೆಲವನ್ನು ಅಳೆದದ್ದು ಮನುಷ್ಯಶರೀರದ ಆರೋಗ್ಯವೆಂಬ ಮಾನದಿಂದ. ವೈದ್ಯಶಾಸ್ತ್ರಕ್ಕೆ ಅದು ಯುಕ್ತವೇ. ೧೯೭೧ರ ಫೆಬ್ರವರಿ ೨ರಂದು ಇರಾನ್ ದೇಶದ ರಾಮ್ಸಾರ್ ಪಟ್ಟಣದಲ್ಲಿ ರಾಷ್ಟ್ರಗಳ ನಡುವೆ ಏರ್ಪಟ್ಟ ಒಪ್ಪಂದವು ಲಕ್ಷಣವನ್ನು ಬಹಳ ವಿಶಾಲವಾಗಿ ಹೇಳಿತು. ಸ್ವಾಭಾವಿಕವಾಗಲಿ ಕೃತಕವಾಗಲಿ, ಸ್ಥಿರವಾಗಲಿ ತಾತ್ಕಾಲಿಕವಾಗಲಿ, ನೀರು ನಿಂತದ್ದಾಗಲಿ ಹರಿಯುವುದಾಗಲಿ, ಸಿಹಿಯಾಗಲಿ ಉಪ್ಪಾಗಲಿ, ಅದು ಜೌಗುನೆಲವೇ. ಇಳಿತದ ಕಾಲದಲ್ಲಿ ಆರು ಮೀಟರಿಗಿಂತ ಆಳವಿಲ್ಲದ ಕಡಲ ಅಂಚೂ ಅದರಲ್ಲಿ ಸೇರಿದೆ. ಭಾರತವು ೧೯೮೨ರಲ್ಲಿ ಈ ಒಪ್ಪಂದಕ್ಕೆ ಸೇರಿತು.

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ನೈಯಾಯಿಕರು ಹೇಳುತ್ತಾರೆ. ೨೦೧೭ರಲ್ಲಿ ಭಾರತ ಸರ್ಕಾರವು ಹೊರಡಿಸಿದ ಜೌಗುನೆಲಗಳ ನಿಯಮಾವಳಿಯು ರಾಮ್ಸಾರಿನ ಲಕ್ಷಣವನ್ನೇ ಎತ್ತಿಕೊಂಡು, ಅದರಿಂದ ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆಂದೇ ಕಟ್ಟಿದ ಜಲಾಶಯ, ನೀರಾವರಿಗೆಂದೇ ಕಟ್ಟಿದ ರಚನೆ ಮುಂತಾದವುಗಳನ್ನು ಹೊರಗಿಟ್ಟಿತು. ಕನ್ನಡ ನಾಡಿನ ಕೆರೆಗಳೋ ಬಹುಮಟ್ಟಿಗೆ ನೀರಾವರಿಗೆಂದೇ ಕಟ್ಟಿದವು. ಅಕ್ಷರಶಃ ಓದಿದರೆ ಅವು ಜೌಗುನೆಲಗಳೇ ಅಲ್ಲವೆಂದಾಗುತ್ತದೆ. ಹೀಗಿರುವಲ್ಲಿ, ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು, ಸುಮಾರು ೯೯ ಹೆಕ್ಟೇರು ವಿಸ್ತಾರವುಳ್ಳದ್ದು, ಊರಿನ ನೀರಾವರಿಗಾಗಿಯೇ ಹುಟ್ಟಿದ್ದು, ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳ ಪಟ್ಟಿಯಲ್ಲಿ ಸೇರಿತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯೂ ಅದೇ ವರ್ಷ ಸೇರಿತು. ಪಟ್ಟಿಗೆ ಏರಿದವುಗಳಿಗೆ ನಿಯಮಾವಳಿಯ ರಕ್ಷಣೆ ಒದಗುತ್ತದೆ. ಅವುಗಳ ಒಡಹುಟ್ಟಿದವರಂತಿರುವ ಸಾವಿರಾರು ಕೆರೆಗಳು ಲಕ್ಷಣದ ಹೊರಗೆ ಉಳಿಯುತ್ತವೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಮಾಗಡಿಗೆ ಬಂದಿಳಿಯುವ ಪಟ್ಟೆತಲೆಯ ಬಾತುಗಳು ಕೆರೆಯನ್ನು ಯಾರು, ಯಾವ ಉದ್ದೇಶದಿಂದ ಕಟ್ಟಿದರೆಂದು ವಿಚಾರಿಸುವುದಿಲ್ಲ. ಹುಟ್ಟಿದ ಬಗೆಯನ್ನು ನೋಡಿ ಗುಣವನ್ನು ನಿರಾಕರಿಸುವುದು ಅವ್ಯಾಪ್ತಿದೋಷಕ್ಕೆ ಒಳ್ಳೆಯ ಉದಾಹರಣೆ.

ಇನ್ನು ಅಳತೆಯ ಮಾತು. ಲೋಕದಲ್ಲಿ ಎರಡು ಬಗೆಯ ಮಾನಗಳು ಬಳಕೆಯಲ್ಲಿವೆ. ಒಂದು ಉಪಯೋಗದ ಮಾನ. ಭಾರತದ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯು ನೀರನ್ನು ಎ ಯಿಂದ ಇ ವರೆಗೆ ಐದು ವರ್ಗಗಳಾಗಿ ವಿಭಾಗಿಸಿದೆ. ಕ್ರಿಮಿನಾಶ ಮಾತ್ರ ಮಾಡಿ ಕುಡಿಯಬಹುದಾದದ್ದು ಎ. ಸ್ನಾನಕ್ಕೆ ತಕ್ಕದ್ದು ಬಿ. ವಿಧಿಯಂತೆ ಶೋಧಿಸಿದ ಮೇಲೆ ಕುಡಿಯಬಹುದಾದದ್ದು ಸಿ. ಮೀನು ಮತ್ತು ವನ್ಯಜೀವಿಗಳ ವೃದ್ಧಿಗೆ ಒದಗುವುದು ಡಿ. ನೀರಾವರಿ, ಯಂತ್ರಗಳನ್ನು ತಂಪು ಮಾಡುವುದು, ಹತೋಟಿಯಲ್ಲಿ ಕೊಳೆಯನ್ನು ಬಿಡುವುದು ಇವುಗಳಿಗೆ ಸಾಕಾದದ್ದು ಇ. ಎ ವರ್ಗದ ಒಂದು ಲೀಟರು ನೀರಿನಲ್ಲಿ ಕರಗಿದ ಆಮ್ಲಜನಕವು ೬ ಮಿಲಿಗ್ರಾಮಿಗೆ ಕಡಮೆ ಇರಕೂಡದು. ಬಿ ವರ್ಗಕ್ಕೆ ೫, ಸಿ ಮತ್ತು ಡಿ ವರ್ಗಗಳಿಗೆ ೪ ಸಾಕು. ಇಂಥ ಉಪಯೋಗಕ್ಕೆಂದು ನೀರನ್ನು ಗೊತ್ತುಮಾಡಿ ಆ ಮಟ್ಟದಲ್ಲಿ ಅದನ್ನು ಕಾಪಾಡಬೇಕೆಂಬುದು ಈ ವಿಭಾಗದ ಮೂಲೋದ್ದೇಶ.

ಈ ಮಾನದಲ್ಲಿ ಪ್ರಾಮಾಣಿಕತೆಯಿದೆ. ಮನುಷ್ಯನಿಗೆ ನೀರು ಏತಕ್ಕೆ ಬೇಕೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆದರೆ ಇದಕ್ಕೆ ಎರಡು ನ್ಯೂನತೆಗಳಿವೆ. ಮೊದಲನೆಯದಾಗಿ, ಇದು ನೀರನ್ನು ಪರೀಕ್ಷಿಸುತ್ತದೆ, ನೆಲವನ್ನಲ್ಲ. ಬಿಂದಿಗೆಯಲ್ಲಿ ತಂದ ನೀರು ಕೆರೆಯ ಗಿಡ, ಕೆಸರು, ಹಕ್ಕಿ, ಏರಿ, ಕಾಲುವೆ ಇವುಗಳ ಸುದ್ದಿಯನ್ನು ಪೂರ್ತಿಯಾಗಿ ಹೇಳಲಾರದು. ಎರಡನೆಯದಾಗಿ, ಮೂಲೋದ್ದೇಶವು ಹಿಂದೆ ಸರಿದು, ಕಂಡ ಅಳತೆಗೆ ತಕ್ಕ ವರ್ಗವನ್ನು ಹಚ್ಚುವ ರೂಢಿ ಮುಂದೆ ಬರುತ್ತದೆ. ನೀರು ಕೆಟ್ಟರೆ ಕೆಡಿಸಿದವರಿಗೆ ದಂಡನೆಯಾಗುವ ಬದಲು ನೀರಿಗೆ ಪದಚ್ಯುತಿಯಾಗುತ್ತದೆ. ವಿದ್ಯಾರ್ಥಿಗಳು ತೇರ್ಗಡೆಯಾಗಲಿಲ್ಲವೆಂದು ತೇರ್ಗಡೆಯ ಅಂಕವನ್ನೇ ಇಳಿಸುವ ಶಾಲೆಯಂತಾಯಿತು ಇದು.

ಎರಡನೆಯದು ಸ್ವಭಾವದ ಮಾನ. ದಕ್ಷಿಣ ಆಫ್ರಿಕದ ಶಾಸ್ತ್ರಜ್ಞರು ಜೌಗುನೆಲವು ತನ್ನ ಸಹಜಸ್ಥಿತಿಯಿಂದ ಎಷ್ಟು ದೂರ ಸರಿದಿದೆಯೆಂಬುದನ್ನು ಅಳೆದು ಎ ಯಿಂದ ಎಫ್ ವರೆಗೆ ಆರು ವರ್ಗಗಳನ್ನು ಹೇಳುತ್ತಾರೆ. ವಿಕಾರವಿಲ್ಲದ್ದು ಎ, ಬಹುಮಟ್ಟಿಗೆ ಸಹಜವಾದದ್ದು ಬಿ, ಮಧ್ಯಮವಾಗಿ ಮಾರ್ಪಟ್ಟದ್ದು ಸಿ, ಹೆಚ್ಚಾಗಿ ಮಾರ್ಪಟ್ಟದ್ದು ಡಿ, ತೀವ್ರವಾಗಿ ಕೆಟ್ಟದ್ದು ಇ, ಸ್ವರೂಪವೇ ನಷ್ಟವಾದದ್ದು ಎಫ್. ನೀರಿನ ನಡೆ, ನೆಲದ ರೂಪ, ಸಸ್ಯಗಳ ಸ್ಥಿತಿ ಇವುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವರು. ಜೌಗಿನ ಒಳಗನ್ನೂ, ಅದಕ್ಕೆ ನೀರೊದಗಿಸುವ ಜಲಾನಯನವನ್ನೂ ನೋಡುವರು. ಈ ಪದ್ಧತಿಯಲ್ಲಿ ಮೆಚ್ಚತಕ್ಕ ಸಂಗತಿಯೊಂದಿದೆ. ಈಗ ನೆಲವು ಯಾವ ಸ್ಥಿತಿಯಲ್ಲಿದೆ ಎಂಬುದು ಒಂದು ಪ್ರಶ್ನೆ. ಅದರ ಮಹತ್ತ್ವವೂ ಸೂಕ್ಷ್ಮತೆಯೂ ಎಷ್ಟು ಎಂಬುದು ಎರಡನೆಯದು. ಅದನ್ನು ಯಾವ ವರ್ಗದಲ್ಲಿ ಇಡತಕ್ಕದ್ದು ಎಂಬುದು ಮೂರನೆಯದು. ಮೂರಕ್ಕೂ ಬೇರೆಬೇರೆ ಉತ್ತರಗಳನ್ನು ಬರೆಯುತ್ತಾರೆ. ಇ ಮತ್ತು ಎಫ್ ಎಂಬುವು ಕಂಡ ಸ್ಥಿತಿಗಳಾಗಬಹುದು, ಆದರೆ ಗುರಿಗಳಾಗಕೂಡದೆಂಬುದು ಅಲ್ಲಿನ ಮತ. ಇರುವುದು ಬೇರೆ, ಇರತಕ್ಕದ್ದು ಬೇರೆ ಎಂಬ ವಿವೇಕವನ್ನು ಒಂದು ಸರ್ಕಾರಿ ಪಟ್ಟಿಯಲ್ಲಿ ಕಾಣುವುದು ಅಪೂರ್ವ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: ‘ಸಹಜಸ್ಥಿತಿಯಿಂದ ಎಷ್ಟು ದೂರ ಎಂದು ಅಳೆಯುವುದಾದರೆ ಆ ಸಹಜಸ್ಥಿತಿ ಯಾವುದು? ಮನುಷ್ಯನ ಕೈ ಸೋಕದ ನೆಲ ಎಲ್ಲಿದೆ?’ ಈ ಆಕ್ಷೇಪವು ಬಲವಾದದ್ದು. ಇದಕ್ಕೆ ಉತ್ತರವನ್ನು ರಾಜಸ್ಥಾನದ ಭರತಪುರದಲ್ಲಿ ಹುಡುಕಬೇಕು.

ಭರತಪುರದ ಬಳಿಯಲ್ಲಿ ಕೇವಲಾದೇವವೆಂಬ ಶಿವಾಲಯದ ಹೆಸರನ್ನು ಹೊತ್ತ ಜೌಗುನೆಲವಿದೆ. ವಿಸ್ತಾರ ಸುಮಾರು ೨೯ ಚದರ ಕಿಲೋಮೀಟರು. ತಗ್ಗು ಸ್ವಾಭಾವಿಕವಾದದ್ದು, ಆದರೆ ೧೮ನೆಯ ಶತಮಾನದಲ್ಲಿ ಅಲ್ಲಿನ ರಾಜರು ಕಟ್ಟಿಸಿದ ಅಜಾನ್ ಒಡ್ಡಿನಿಂದ ಅದಕ್ಕೆ ನೀರು ಬಂದಿತು. ಆಮೇಲೆ ಅದನ್ನು ಬಾತುಗಳ ಬೇಟೆಗೆಂದು ಅಣಿಗೊಳಿಸಿದರು. ೧೯೩೮ರ ನವೆಂಬರ್ ೧೨ರಂದು ವೈಸರಾಯ್ ಲಿನ್ಲಿತ್‌ಗೋ ಪ್ರಭುವಿನ ಸನ್ಮಾನಾರ್ಥವಾಗಿ ನಡೆದ ಬೇಟೆಯಲ್ಲಿ ಒಂದೇ ದಿನ ೪,೨೭೩ ಹಕ್ಕಿಗಳು ಬಿದ್ದವೆಂದು ಅಲ್ಲಿಯ ಶಿಲಾಫಲಕವು ಸಾರುತ್ತದೆ. ಹೀಗೆ ಒಡ್ಡು ಮನುಷ್ಯನದು, ಬಂದೂಕು ಮನುಷ್ಯನದು. ಸುತ್ತಣ ಹಳ್ಳಿಗಳ ಎಮ್ಮೆಗಳೂ ತಲೆತಲಾಂತರದಿಂದ ಆ ನೀರಿನಲ್ಲಿ ಮೇಯುತ್ತಿದ್ದವು. ಇಷ್ಟಾದರೂ ಹಕ್ಕಿಗಳ ಸಂಪತ್ತಿನಲ್ಲಿ ಅದಕ್ಕೆ ಸಮನಾದ ಸ್ಥಳಗಳು ವಿರಳ. ೧೯೮೧ರಲ್ಲಿ ರಾಮ್ಸಾರ್ ಪಟ್ಟಿಗೂ ೧೯೮೫ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಅದು ಸೇರಿತು.

ರಾಷ್ಟ್ರೀಯ ಉದ್ಯಾನವೆಂಬ ವರ್ಗಕ್ಕೆ ಅದು ಏರಿದೊಡನೆ ಆ ವರ್ಗದ ವಿಧಿಗಳೂ ಜೊತೆಗೆ ಬಂದುವು. ದನಕರುಗಳ ಮೇವು ಜೌಗಿನ ಸಹಜಸ್ಥಿತಿಗೆ ವಿರುದ್ಧವೆಂದೆಣಿಸಿ ೧೯೮೨ರಲ್ಲಿ ಮೇಯಿಸುವುದನ್ನು ನಿಷೇಧಿಸಿದರು. ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ಕಳೆದುಕೊಂಡರು. ಎಮ್ಮೆಗಳು ಹೊರಗೆ ಹೋದವು. ಆ ಬಳಿಕ ನಡೆದದ್ದು ನಿಷೇಧಿಸಿದವರಾರೂ ಎಣಿಸಿದ್ದಲ್ಲ. ಎಮ್ಮೆಗಳು ಮೇಯ್ದು ಮೇಯ್ದು ಹತೋಟಿಯಲ್ಲಿಟ್ಟಿದ್ದ ಪ್ಯಾಸ್ಪೇಲಮ್ ಎಂಬ ನೀರುಹುಲ್ಲು ದಟ್ಟವಾಗಿ ಹಬ್ಬಿ ತಿಳಿನೀರಿನ ಹರವುಗಳನ್ನು ಮುಚ್ಚಿತು. ಮೀನಿಗೆ ಸ್ಥಳ ಕಡಮೆಯಾಯಿತು. ನೀರಿನಲ್ಲಿ ಈಜುವ ಮತ್ತು ನಡೆದು ಮೇಯುವ ಹಕ್ಕಿಗಳಿಗೆ ತೊಡಕಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಲವು ವರ್ಷ ನಡೆಸಿದ ಅಧ್ಯಯನದಿಂದ ಈ ಸಂಗತಿ ಹೊರಬಿದ್ದಿತು. ೧೯೯೦ರಲ್ಲಿ ರಾಮ್ಸಾರ್ ಒಪ್ಪಂದದವರು, ಸ್ವಭಾವಕ್ಕೆ ಕುತ್ತು ಬಂದ ಜೌಗುನೆಲಗಳಿಗಾಗಿ ತೆರೆದ ಮಾಂಟ್ರೋ ದಾಖಲೆಯಲ್ಲಿ ಕೇವಲಾದೇವದ ಹೆಸರನ್ನು ಬರೆದುಕೊಂಡರು. ನೀರಿನ ಅಭಾವವೂ ಮೇವಿನ ಕ್ರಮದಲ್ಲಿ ತಪ್ಪಿದ ಸಮತೂಕವೂ ಅದಕ್ಕೆ ಕಾರಣಗಳು.

ಈ ವೃತ್ತಾಂತದಿಂದ ಮನುಷ್ಯನ ಕೈವಾಡವೆಲ್ಲ ಹಿತವೆಂಬ ತೀರ್ಮಾನಕ್ಕೆ ಬರುವುದು ಸಲ್ಲದು. ೧೯೩೮ರ ಶಿಲಾಫಲಕವೂ ಮನುಷ್ಯನ ಕೈವಾಡಕ್ಕೇ ಸಾಕ್ಷಿ. ನಿಷೇಧಿಸಿದವರು ದುಷ್ಟರೆಂದೂ ಹೇಳಲಾಗದು. ಅವರು ಹಕ್ಕಿಗಳ ಹಿತವನ್ನೇ ಬಯಸಿದವರು. ದೋಷವಿದ್ದದ್ದು ಪರೀಕ್ಷೆಗೆ ಮುಂಚೆಯೇ ಕಟ್ಟಿಕೊಂಡ ಕಲ್ಪನೆಯಲ್ಲಿ. ಜೌಗೆಂದರೆ ನೀರು, ಹುಲ್ಲು, ಹಕ್ಕಿ. ಎಮ್ಮೆಯೂ ಎಮ್ಮೆ ಕಾಯುವವನೂ ಹೊರಗಿನವರು ಎಂಬ ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಂಡು, ಅದನ್ನೇ ಸಹಜಸ್ಥಿತಿಯೆಂದು ನಂಬಿದರು. ವಾಸ್ತವವಾಗಿ ಆ ನೆಲದ ಸ್ವಭಾವವು ಒಡ್ಡು, ಎಮ್ಮೆ, ಹುಲ್ಲು, ಹಕ್ಕಿ ಇವುಗಳ ನಡುವೆ ದೀರ್ಘಕಾಲ ಬೆಳೆದು ಬಂದ ಸಂಬಂಧವೇ ಆಗಿತ್ತು. ಪೂರ್ವಪಕ್ಷಿಗೆ ಹೇಳತಕ್ಕ ಸಮಾಧಾನವಿದು: ಸಹಜಸ್ಥಿತಿಯೆಂದರೆ ಮನುಷ್ಯನಿಲ್ಲದ ಸ್ಥಿತಿಯೆಂದಲ್ಲ, ಯಾವ ಸಂಬಂಧಗಳಿಂದ ಆ ನೆಲದ ಜೀವನವು ತಾನೇ ತಾನಾಗಿ ನಡೆದುಬರುವುದೋ ಆ ಸಂಬಂಧಗಳ ಸ್ಥಿತಿ. ಅದನ್ನು ತಿಳಿಯಲು ಯಂತ್ರಗಳು ಬೇಕು, ಎಣಿಕೆ ಬೇಕು. ಅಲ್ಲಿ ಬದುಕಿದವರ ಮಾತೂ ಬೇಕು. ಎಮ್ಮೆ ಕಾಯುವವನು ಹುಲ್ಲಿನ ವಿಷಯದಲ್ಲಿ ಆಪ್ತನೇ. ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪುವ ದೇಶದಲ್ಲಿ ಅವನನ್ನು ಕೇಳದೆ ನಿರ್ಣಯಿಸಿದ್ದು ಪ್ರಮಾಣಲೋಪ. ಆ ಲೋಪದ ಬೆಲೆಯನ್ನು ತೆತ್ತವರು ನಿರ್ಣಯಿಸಿದವರಲ್ಲ.

ಗುಣವು ನೆಲದ ಮೇರೆಯೊಳಗೇ ಮುಗಿಯುವುದಿಲ್ಲವೆಂಬುದಕ್ಕೂ ಕೇವಲಾದೇವವೇ ಸಾಕ್ಷಿ. ಪ್ರತಿ ಚಳಿಗಾಲವೂ ಅಲ್ಲಿಗೆ ಬರುತ್ತಿದ್ದ ಸೈಬೀರಿಯದ ಬಿಳಿಕೊಕ್ಕರೆಗಳು ವರ್ಷವರ್ಷಕ್ಕೂ ಕಡಮೆಯಾಗಿ ೨೦೦೨ರ ಬಳಿಕ ಕಾಣದಾದವು. ಅವು ದಾಟಿ ಬರುವ ದೂರದೇಶಗಳ ಹಾದಿಯಲ್ಲಿ ನಡೆದ ಬೇಟೆ ಅದಕ್ಕೆ ಒಂದು ಮುಖ್ಯ ಕಾರಣ. ನೀರಿನ ಕಥೆಯೂ ಹಾಗೆಯೇ. ಗಂಭೀರ್ ನದಿಗೆ ಮೇಲ್ಗಡೆ ಕರೌಲಿ ಜಿಲ್ಲೆಯಲ್ಲಿ ಪಾಂಚನಾ ಅಣೆಕಟ್ಟು ಎದ್ದಿತು. ೨೦೦೪ರ ಸುಮಾರಿಗೆ ಮಳೆ ತಪ್ಪಿ ಉದ್ಯಾನವು ಒಣಗುತ್ತಿದ್ದಾಗ, ಆ ನೀರನ್ನು ಬಿಡಕೂಡದೆಂದು ಅಲ್ಲಿಯ ರೈತರು ಹಟ ಹಿಡಿದರು. ಬೆಳೆ ಒಣಗುವ ರೈತನ ಮುಂದೆ ವಿಶ್ವಪರಂಪರೆಯ ಪ್ರಮಾಣಪತ್ರವನ್ನು ಹಿಡಿಯುವುದು ಯಾರಿಗೂ ಸುಲಭವಲ್ಲ. ಒಣಗಿದ ಜೌಗಿನಲ್ಲಿ ಸಾಯುವ ಪ್ರಾಣಿಗಳಿಗೆ ಹಟ ಹಿಡಿಯಲು ನಾಲಗೆಯೂ ಇಲ್ಲ. ಆಮೇಲೆ ಗೋವರ್ಧನದ ಕಾಲುವೆಯಿಂದಲೂ ಚಂಬಲ್ ನದಿಯಿಂದಲೂ ನೀರು ತರುವ ಏರ್ಪಾಡಾಯಿತು. ಇದರಲ್ಲಿ ಒಂದು ತತ್ತ್ವವಡಗಿದೆ. ಜೌಗಿಗೆ ಶ್ರೇಷ್ಠವರ್ಗವನ್ನು ಕೊಟ್ಟವರು ಅದರ ಕೀರ್ತಿಯನ್ನು ತಾವು ಪಡೆದು ಅದರ ವೆಚ್ಚವನ್ನು ಬಡವನ ಹೊಲದ ಮೇಲೆ ಹೊರಿಸಕೂಡದು. ವರ್ಗವು ಎಲ್ಲರ ಹೆಸರಿನಲ್ಲಿ ಬಂದಿದ್ದರೆ ಋಣವೂ ಎಲ್ಲರದೇ.

ವರ್ಗವು ಏನನ್ನು ಸಾಧಿಸಬಲ್ಲುದೆಂಬುದನ್ನು ಒಡಿಶಾದ ಚಿಲಿಕಾ ಸರೋವರದಲ್ಲಿ ನೋಡಬಹುದು. ಅದು ಕಡಲಿಗೆ ಸೇರಿದ ದೊಡ್ಡ ಹಿನ್ನೀರು. ೧೯೮೧ರಲ್ಲಿಯೇ ರಾಮ್ಸಾರ್ ಪಟ್ಟಿಗೆ ಸೇರಿದ್ದು. ಹೂಳು ತುಂಬಿ ಕಡಲಿನ ಬಾಯಿ ಕಟ್ಟುತ್ತ ಬಂದಿತು, ನೀರಿನ ಉಪ್ಪು ತಗ್ಗಿತು, ಕಳೆ ಹಬ್ಬಿತು, ಮೀನಿನ ಹಿಡಿತ ಕುಸಿದು ಬೆಸ್ತರ ಮನೆಗಳಲ್ಲಿ ಸಂಕಟವಾಯಿತು. ೧೯೯೩ರಲ್ಲಿ ಅದರ ಹೆಸರು ಮಾಂಟ್ರೋ ದಾಖಲೆಗೆ ಹೋಯಿತು. ೨೦೦೦ದ ಸೆಪ್ಟೆಂಬರಿನಲ್ಲಿ ಕಡಲಿಗೆ ಹೊಸದಾಗಿ ಬಾಯಿ ತೆಗೆದರು. ಉಪ್ಪುನೀರು ಮರಳಿ ಬಂದಿತು, ಕಳೆ ತಗ್ಗಿತು, ಮೀನು ಹೆಚ್ಚಿತು. ೨೦೦೨ರಲ್ಲಿ ಅದರ ಹೆಸರನ್ನು ಆ ದಾಖಲೆಯಿಂದ ತೆಗೆದುಹಾಕಿದರು. ಏಷ್ಯಾ ಖಂಡದಲ್ಲಿ ಹಾಗೆ ಬಿಡುಗಡೆಯಾದ ಮೊದಲನೆಯ ಜೌಗುನೆಲ ಅದೇ. ದಾಖಲೆಗೆ ಸೇರುವುದನ್ನು ಕಳಂಕವೆಂದು ಎಣಿಸುವವರುಂಟು. ಅದು ಅಪರಾಧಿಗಳ ಪಟ್ಟಿಯಲ್ಲ, ರೋಗಿಗಳ ಪಟ್ಟಿ. ಚಿಕಿತ್ಸೆಗೆ ಮೊದಲು ನಿದಾನವಾಗಬೇಕು. ನಿದಾನಕ್ಕೆ ನಾಚುವವನು ಚಿಕಿತ್ಸೆಯನ್ನು ಪಡೆಯಲಾರನು.

ವೈದ್ಯಶಾಸ್ತ್ರವು ವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ನಾಲ್ಕಾಗಿ ವಿಭಾಗಿಸಿದೆ. ಯಾಪ್ಯವೆಂದರೆ ಪೂರ್ತಿಯಾಗಿ ಗುಣವಾಗದಿದ್ದರೂ ಪಥ್ಯೌಷಧಗಳಿಂದ ಹತೋಟಿಯಲ್ಲಿಟ್ಟುಕೊಂಡು ಬಾಳಬಹುದಾದದ್ದು. ಜೌಗುನೆಲಗಳ ವಿಷಯದಲ್ಲಿ ಮರೆತುಹೋಗಿರುವ ವರ್ಗ ಇದೇ. ಜನರು ಎರಡನ್ನೇ ಬಲ್ಲರು: ಪುಣ್ಯತೀರ್ಥದಂತೆ ನಿರ್ಮಲವಾದದ್ದು ಒಂದು, ಚರಂಡಿಯೆಂದು ಕೈಬಿಟ್ಟದ್ದು ಇನ್ನೊಂದು. ಬೆಂಗಳೂರಿನ ಬೆಳ್ಳಂದೂರು ಕೆರೆಯು ನಗರದ ಕೊಳೆಯನ್ನು ನುಂಗಿ ನುಂಗಿ ನೊರೆಯನ್ನು ಕಾರಿತು. ೨೦೧೫ರಲ್ಲಿಯೂ ೨೦೧೮ರ ಜನವರಿಯಲ್ಲಿಯೂ ಅಲ್ಲಿ ಬೆಂಕಿ ಹೊತ್ತಿಕೊಂಡಿತು. ಅಂಥ ಕೆರೆಯನ್ನು ಕಂಡು ‘ಇದು ಇನ್ನು ಕೆರೆಯಲ್ಲ, ತುಂಬಿಬಿಟ್ಟರೆ ನಿವೇಶನಗಳಾದರೂ ಆದಾವು’ ಎನ್ನುವವರು ಇಲ್ಲದಿಲ್ಲ. ಈ ವಾದದ ಯುಕ್ತಿಯನ್ನು ಪರೀಕ್ಷಿಸಬೇಕು. ಕೆರೆಯು ತಾನಾಗಿ ಕೆಡಲಿಲ್ಲ; ಕೆಡಿಸಿದ್ದು ಊರು. ಕೆಡಿಸಿದವನೇ ಕೆಟ್ಟಿದೆಯೆಂಬ ನೆವವನ್ನು ಮುಂದೊಡ್ಡಿ ಅದನ್ನು ಕಬಳಿಸಲು ಹೊರಟರೆ, ತನ್ನ ಅಪರಾಧವನ್ನೇ ತನ್ನ ಹಕ್ಕಿಗೆ ಆಧಾರವಾಗಿ ಮಾಡಿಕೊಂಡಂತಾಗುತ್ತದೆ. ಯಾವ ಧರ್ಮಶಾಸ್ತ್ರವೂ, ಯಾವ ನ್ಯಾಯಾಸ್ಥಾನವೂ ಅದನ್ನು ಒಪ್ಪಲಾರದು. ಇಟ್ಟ ನಿಕ್ಷೇಪವನ್ನು ಸವೆಯಿಸಿದವನ ಸಾಲ ಹೆಚ್ಚುವುದೇ ಹೊರತು ತೀರುವುದಿಲ್ಲ.

ಇಷ್ಟರಿಂದ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಜೌಗುನೆಲದ ಸ್ಥಿತಿಯನ್ನು ಅಳೆಯುವುದು ಅವಶ್ಯ. ಅಳೆಯದೆ ಆಡುವ ಕನಿಕರವು ಕುರುಡು. ಆದರೆ ಸ್ಥಿತಿಯೇ ಬೆಲೆಯಲ್ಲ. ಕೆಳಗಿನ ವರ್ಗವೆಂದರೆ ಕಡಮೆ ಬೆಲೆಯ ನೆಲವೆಂದಲ್ಲ, ಹೆಚ್ಚು ಋಣ ಉಳಿದಿರುವ ನೆಲವೆಂದು ಅರ್ಥ. ಅಳೆಯುವ ಮಾನದೊಳಗೆ ಅಲ್ಲಿ ಬದುಕುವ ಮನುಷ್ಯನಿಗೂ ಅಲ್ಲಿಗೆ ಬರುವ ಹಕ್ಕಿಗೂ ಎಡೆಯಿರಬೇಕು. ಯಾರಾದರೂ ಒಬ್ಬರನ್ನು ಮೊದಲೇ ಹೊರಗೆ ನಿಲ್ಲಿಸಿ ಮಾಡಿದ ಪರೀಕ್ಷೆಯು ಪರೀಕ್ಷೆಯೇ ಅಲ್ಲ. ನಿರ್ಣಯಿಸುವವನು ತನ್ನ ನಿರ್ಣಯದ ಭಾರವನ್ನು ಯಾರು ಹೊರುವರೆಂಬುದನ್ನೂ ಆ ಕಾಗದದಲ್ಲಿಯೇ ಬರೆಯತಕ್ಕದ್ದು.

ಪಹಣಿಯಲ್ಲಿ ಖರಾಬೆಂಬ ಶಬ್ದವು ಇನ್ನೂ ಬಹುಕಾಲ ಉಳಿಯಬಹುದು. ಲೆಕ್ಕದ ಶಬ್ದಗಳು ಬೇಗ ಸಾಯುವುದಿಲ್ಲ. ಮಳೆಗಾಲ ಕಳೆದ ಮೇಲೆ ಊರ ಕೆರೆಯ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತು, ಅದರ ಪಸೆಯಿಂದ ಕೆಳಗಿನ ಬಾವಿಗಳು ತುಂಬುತ್ತಿರುವಾಗ, ಆ ಶಬ್ದವು ಕಂದಾಯದ ಲೆಕ್ಕಕ್ಕೆ ಮಾತ್ರ ಸೇರಿದ್ದೆಂದು ಮನೆಯ ಮಕ್ಕಳಿಗೆ ತಿಳಿದಿದ್ದರೆ ಸಾಕು.